ಮೋಟಾರ್ ಸೈಕಲ್ಲಿನ ಹೊಟ್ಟೆಗೆ ದೋಸೆಕಲ್ಲು

ಆಯುಧಪೂಜೆಯ ದಿನ ಬೆಳಿಗ್ಗೆ ಸುಬ್ರಾಯರ ಹೋಟೆಲಿನಲ್ಲಿ ದೋಸೆಕಲ್ಲು ಕಾಣೆಯಾಯಿತು.

ದಿನಾ ದೋಸೆ ಹೊಯ್ಯುವ ಕಲ್ಲಲ್ಲ, ಹಳೆಯದು. ಹೆಸರಿಗೆ ಕಲ್ಲು, ನಿಜಕ್ಕೆ ದಪ್ಪ ಕಬ್ಬಿಣದ ಹಲಗೆ. ಉಡುಪಿಯ ಕಡೆಯಿಂದ ಮದರಾಸಿಗೆ ಬಂದು, ಕಂಡವರ ಹೋಟೆಲುಗಳಲ್ಲಿ ಲೋಟ ತೊಳೆದು, ಕೊನೆಗೆ ತಂಡಿಯಾರ್‌ಪೇಟೆಯ ಒಂದು ಬೀದಿಯಲ್ಲಿ ತಮ್ಮದೇ ಮೇಜು ಬೆಂಚು ಹಾಕಿದಾಗ ಸುಬ್ರಾಯರು ಮೊದಲು ಕೊಂಡದ್ದು ಅದನ್ನು. ಈಗ ಅದು ಅಟ್ಟದಲ್ಲಿರುತ್ತಿತ್ತು. ವರ್ಷಕ್ಕೊಮ್ಮೆ ಕೆಳಗಿಳಿದು, ಹುಣಸೆಹಣ್ಣಿನಲ್ಲಿ ತಿಕ್ಕಿಸಿಕೊಂಡು, ಕುಂಕುಮ ಇಡಿಸಿಕೊಂಡು, ದೇವರ ಎದುರು ಕೂತು ಮತ್ತೆ ಅಟ್ಟ ಸೇರುವುದು ಅದರ ಕೆಲಸ.

"ಕಲ್ಲು ಎಲ್ಲಿ?" ಎಂದರು ಸುಬ್ರಾಯರು.

"ನಿನ್ನೆಯೇ ನೋಡಿದೆ, ಅಟ್ಟದಲ್ಲಿ ಇರ್ಲಿಲ್ಲ. ನೀವೇ ತೆಗ್ದಿಟ್ಟದ್ದು ಅಂದ್ಕೊಂಡೆ," ಎಂದಳು ಹೆಂಡತಿ ಗುಣವತಿ.

ಮಗಳು ವಿಮಲಾ ಹೂ ಕಟ್ಟುತ್ತ ಕೂತಿದ್ದಳು. ತಮಿಳು ಶಾಲೆಯಲ್ಲಿ ಓದುವವಳು, ಬಾಯಿಗೆ ಬೀಗವಿಲ್ಲ. "ಅಣ್ಣನ ವಂಡಿ ಕೆಳಗೆ ನೋಡಿ ಅಪ್ಪಯ್ಯ," ಎಂದುಬಿಟ್ಟು ನಾಲಿಗೆ ಕಚ್ಚಿಕೊಂಡಳು.

ಹಿತ್ತಲಿನಲ್ಲಿ ಮಗ ಬಾಬುವಿನ ಮೋಟಾರ್ ಸೈಕಲ್ಲು ನಿಂತಿತ್ತು. ಯುದ್ಧದ ಕಾಲದ್ದು, ಮಿಲಿಟರಿಯವರು ಬೇಡವೆಂದು ಮಾರಿದ್ದು. ಬಾಬು ಅದನ್ನು ಪುದುಪೇಟೆಯ ಹಳೆ ಸಾಮಾನಿನ ಅಂಗಡಿಗಳಿಗೆ ಅಲೆದು ಅಲೆದು ಬೇರೆಯೇ ಪ್ರಾಣಿ ಮಾಡಿದ್ದ. ನೀರು ಹೋಗಬಾರದೆಂದು ಹೊಗೆಕೊಳವೆಯನ್ನು ಎತ್ತಿ ಸೀಟಿನ ಮಟ್ಟಕ್ಕೆ ತಂದಿದ್ದ. ಕೆಸರು ಕಚ್ಚುವ ದಪ್ಪ ಹಲ್ಲಿನ ಟಯರು ಹಾಕಿದ್ದ. ಹಿಂದಿನ ಹಲ್ಲುಚಕ್ರವನ್ನು ದೊಡ್ಡದು ಮಾಡಿದ್ದ. ಓಟ ಕಡಿಮೆಯಾದರೂ ಎಳೆತ ಹೆಚ್ಚು. ಎಂಜಿನ್ನಿಗೆ ಗಾಳಿ ಹೋಗುವ ಬಾಯಿಗೆ ಅಮ್ಮ ಹುಣಸೆರಸ ಸೋಸುವ ಬಟ್ಟೆ ಕಟ್ಟಿದ್ದ. ಎಲ್ಲ ಯಾತಕ್ಕೆಂದರೆ, ಭಾನುವಾರ ಎಣ್ಣೂರಿನ ಮರಳುದಿಬ್ಬಗಳ ಮೇಲೆ ಗೆಳೆಯರೊಂದಿಗೆ ಹತ್ತಿ ಇಳಿಯುವುದಕ್ಕೆ. ಹತ್ತುವುದೂ ಇಳಿಯುವುದೂ ಒಂದೇ ಜಾಗದಲ್ಲಾದರೆ ಹೋಗುವುದಾದರೂ ಯಾಕೆಂದು ಸುಬ್ರಾಯರಿಗೆ ಎಂದೂ ಅರ್ಥವಾಗಿರಲಿಲ್ಲ.

ಅವರು ಬಗ್ಗಿ ನೋಡಿದರು. ಎಂಜಿನ್ನಿನ ಅಡಿಗೆ, ಬಂಡೆ ಬಡಿಯದ ಹಾಗೆ, ನಾಲ್ಕು ಮೂಲೆ ಕತ್ತರಿಸಿ ತೂತು ಕೊರೆದು ಬೋಲ್ಟು ಬಿಗಿದ ದೋಸೆಕಲ್ಲು.

"ಬಾಬೂ!"

ಬಾಬು ಒದ್ದೆ ತಲೆಯಲ್ಲೇ ಬಂದ. ಇಪ್ಪತ್ತೆರಡರ ಹುಡುಗ, ಹೋಟೆಲಿನಲ್ಲಿ ಅಪ್ಪನ ಬಲಗೈ, ಹಿತ್ತಲಲ್ಲಿ ಅಪ್ಪನ ತಲೆನೋವು.

"ಇದು ಎಂತ?"

"ಅಟ್ಟದಲ್ಲಿ ಸುಮ್ಮನೆ ಬಿದ್ದಿತ್ತು ಅಪ್ಪಯ್ಯ. ಇಷ್ಟು ಗಟ್ಟಿ ಕಬ್ಬಿಣ ಈಗ ಎಲ್ಲಿ ಸಿಗ್ತದೆ..."

"ಸುಮ್ಮನೆ ಬಿದ್ದಿತ್ತಾ? ನಿನಗೆ ಅನ್ನ ಹಾಕಿದ ಕಲ್ಲು ಅದು! ಅದನ್ನು ಕೊಯ್ದು ಈ ಹೊಗೆ ಕಾರುವ ಕತ್ತೆಯ ಹೊಟ್ಟೆಗೆ ಕಟ್ಟಿದ್ದೀಯಲ್ಲ, ನಿನಗೆ ಕೈ ಹೇಗೆ ಬಂತು?"

"ಕೇಳಿದ್ರೆ ಕೊಡ್ತಿದ್ರಾ?"

"ಕೊಡ್ತಿರ್ಲಿಲ್ಲ!"

"ಅದಕ್ಕೇ ಕೇಳ್ಲಿಲ್ಲ."

ಈ ಮಾತು ಬರಬಾರದಿತ್ತು. ಸುಬ್ರಾಯರ ಮುಖ ಕೆಂಡವಾಯಿತು. "ಇನ್ನು ಇವನ ಹತ್ತಿರ ನನಗೆ ಮಾತಿಲ್ಲ," ಎಂದು ಹೆಂಡತಿಗೆ ಹೇಳಿ ಒಳಗೆ ಹೋದರು. ಗುಣವತಿ ಕುಂಕುಮದ ಬಟ್ಟಲು ಹಿಡಿದು, ಸೀರೆ ಎತ್ತಿ ಕಟ್ಟಿ, ನೆಲದ ಮೇಲೆ ಮಲಗಿ, ಗಾಡಿಯ ಅಡಿಗೆ ಕೈ ತೂರಿಸಿ ಕಲ್ಲಿಗೆ ಕುಂಕುಮ ಇಟ್ಟಳು. ಪೂಜೆ ತಪ್ಪಬಾರದಲ್ಲ.

ಅಂದಿನಿಂದ ಮನೆಯಲ್ಲಿ ಮಾತು ಸುತ್ತುದಾರಿ ಹಿಡಿಯಿತು. ತಂದೆ ಮಗ ಎದುರುಬದುರು ಎಲೆ ಹಾಕಿಕೊಂಡು ಕೂತರೂ ಮಾತು ಗುಣವತಿಯ ಮೂಲಕವೇ ಹೋಗಬೇಕು.

"ನಾಳೆ ಮಾರ್ಕೆಟಿಗೆ ಹೋಗ್ಲಿಕ್ಕುಂಟು ಅಂತ ಹೇಳು ಅವನಿಗೆ."

"ಕೇಳಿತಲ್ಲ ಬಾಬು?"

"ಹೋಗ್ತೇನೆ ಅಂತ ಹೇಳಮ್ಮ."

"ಹೋಗ್ತಾನಂತೆ."

"ನನಗೆ ಕಿವಿ ಉಂಟು," ಎನ್ನುತ್ತಿದ್ದರು ಸುಬ್ರಾಯರು.

ವಿಮಲಾ ನಗು ತಡೆಯಲಾರದೆ ಸಾರು ನೆತ್ತಿಗೇರಿಸಿಕೊಂಡು ಕೆಮ್ಮಿದರೆ ಇಬ್ಬರೂ ಒಟ್ಟಿಗೆ ಅವಳನ್ನು ಗದರುತ್ತಿದ್ದರು. ಒಮ್ಮತ ಅಷ್ಟರಲ್ಲಿ ಮಾತ್ರ.

ಆ ವರ್ಷ ಮಣಲಿಯಲ್ಲಿ ಎಣ್ಣೆ ಶುದ್ಧಿ ಮಾಡುವ ದೊಡ್ಡ ಕಾರ್ಖಾನೆ ಏಳುತ್ತಿತ್ತು. ಅಲ್ಲಿ ಕಟ್ಟಡದ ಕೆಲಸ ಹಿಡಿದಿದ್ದ ಒಬ್ಬ ಗುತ್ತಿಗೆದಾರರ ಎಂಜಿನಿಯರುಗಳಿಗೆ ಮಧ್ಯಾಹ್ನದ ಊಟ ಸುಬ್ರಾಯರ ಹೋಟೆಲಿನಿಂದ ಹೋಗುತ್ತಿತ್ತು. ಬಸ್ ಸ್ಟಾಪು ಮುಂದಿನ ಬೀದಿಗೆ ಹೋದ ಮೇಲೆ ಹೋಟೆಲಿಗೆ ಬರುವವರು ಬರೀ ಹಳೆಯ ಗಿರಾಕಿಗಳು; ಒಂದು ಕಾಫಿಗೆ ಒಂದು ಪೇಪರು ಪೂರ್ತಿ ಓದುವವರು. ಮಣಲಿಯ ಊಟವೇ ಹೋಟೆಲನ್ನು ನಿಲ್ಲಿಸಿದ್ದ ಕಂಬ. ಅದು ಹೋದರೆ ಬಾಗಿಲು ಹಾಕಬೇಕು, ಈ ವಯಸ್ಸಿನಲ್ಲಿ ಮತ್ತೆ ಇನ್ನೊಬ್ಬರ ಒಲೆಯ ಮುಂದೆ ನಿಲ್ಲಬೇಕು. ಸುಬ್ರಾಯರಿಗೆ ಆ ಭಯ ಹಗಲಿರುಳೂ ಇತ್ತು. ಗುಣವತಿಗೂ ಇತ್ತು, ಬಾಬುವಿಗೂ ಇತ್ತು.

ದೀಪಾವಳಿ ಹತ್ತಿರ ಬರುತ್ತಿದ್ದಂತೆ ಮಳೆ ಹಿಡಿಯಿತು. ಮದರಾಸಿನ ಮಳೆಗೆ ಮುಲಾಜಿಲ್ಲ. ಲಾರಿಗಳು ಓಡಾಡಿ ಮೊದಲೇ ಹೊಂಡ ಬಿದ್ದಿದ್ದ ಮಣಲಿಯ ರಸ್ತೆ ಕೆರೆಯಾಯಿತು. ಊಟ ಹೊತ್ತ ಬಾಡಿಗೆ ವ್ಯಾನು ಒಂದು ದಿನ ಹೂತುಕೊಂಡಿತು. ಮರುದಿನ ಬೇರೆ ಜಾಗದಲ್ಲಿ ಹೂತುಕೊಂಡಿತು. ಎರಡು ಸಲವೂ ಕಾರ್ಖಾನೆಯ ಊಟದ ಸೈರನ್ ಆಗಿ, ಹಸಿದವರು ಕೈತೊಳೆದು ಕಾದು, ಬೈದು, ಬ್ರೆಡ್ಡು ತಿಂದು ಎದ್ದ ಮೇಲೆ ಊಟ ಹೋಯಿತು.

ಎಂಜಿನಿಯರುಗಳ ಮೆಸ್ಸಿನ ಮೇಲ್ವಿಚಾರಕ ರಘುರಾಮ ತಾನೇ ಹೋಟೆಲಿಗೆ ಬಂದ. ಸಾಂಬಾರು ಮಾಡುವವರೆಲ್ಲ ಅವನ ಲೆಕ್ಕದಲ್ಲಿ ಅಯ್ಯರ್‌ಗಳು. "ಅಯ್ಯರೇ, ನಿಮ್ಮ ಅಡುಗೆಗೆ ಹೆಸರಿಡೋದಿಲ್ಲ. ಆದರೆ ಬಾರದ ಊಟಕ್ಕೆ ರುಚಿ ಯಾತಕ್ಕೆ? ಇನ್ನೊಂದು ಸಲ ಸೈರನ್ ತಪ್ಪಿದರೆ ಬೇರೆ ಕಡೆ ನೋಡ್ತೇನೆ," ಎಂದು ತಮಿಳಿನಲ್ಲಿ ಹೇಳಿ, ಕಾಫಿ ಕುಡಿಯದೇ ಎದ್ದುಹೋದ. ಕಾಫಿ ಮುಟ್ಟದೇ ಹೋದದ್ದು ಸುಬ್ರಾಯರನ್ನು ಮಾತಿಗಿಂತ ಹೆಚ್ಚು ನೋಯಿಸಿತು.

ಅಂದು ಮಧ್ಯಾಹ್ನ ಎಲೆಯ ಮುಂದೆ ಬಾಬು ಹೇಳಿದ: "ಅಮ್ಮ, ಕಾಲುವೆ ದಂಡೆ ಮೇಲೆ ಮರಳುದಾರಿ ಉಂಟು. ವ್ಯಾನು ಹೋಗುದಿಲ್ಲ. ನನ್ನ ಗಾಡಿ ಹೋಗ್ತದೆ. ಪಾತ್ರೆ ಇಡ್ಲಿಕ್ಕೆ ಎರಡೂ ಬದಿಗೆ ಕಬ್ಬಿಣದ ಚೌಕಟ್ಟು ಮಾಡಿಸ್ತೇನೆ."

ಸುಬ್ರಾಯರು ಅನ್ನ ಕಲಸುತ್ತಲೇ ಇದ್ದರು. ಬಹಳ ಹೊತ್ತು ಕಲಸಿದರು.

"ಸಾಂಬಾರು ಚೆಲ್ಲಬಾರದು ಅಂತ ಹೇಳು ಅವನಿಗೆ," ಎಂದರು ಕೊನೆಗೆ.

ಹೀಗೆ ಹೊಗೆ ಕಾರುವ ಕತ್ತೆಗೆ ಕೆಲಸ ಸಿಕ್ಕಿತು. ಒಂದು ಬದಿಗೆ ಅನ್ನ, ಇನ್ನೊಂದು ಬದಿಗೆ ಸಾಂಬಾರು, ಹಿಂದೆ ಪಲ್ಯ, ಮೊಸರು, ಹಪ್ಪಳದ ಡಬ್ಬಿ. ಬಾಬು ಹೊರಡುವಾಗ ಬೀದಿಯವರು ನಿಂತು ನೋಡುತ್ತಿದ್ದರು. ಮೊದಲ ದಿನ ಸೈರನ್ನಿಗೆ ಮುಂಚೆ ಮುಟ್ಟಿದ. ಎರಡನೆಯ ದಿನವೂ ಮುಟ್ಟಿದ. ವಾರ ಕಳೆಯಿತು. ರಘುರಾಮ ಹೋಟೆಲಿನ ಕಡೆ ಬಂದವನು ಕಾಫಿ ಕುಡಿದು ಹೋದ.

ಮನೆಯಲ್ಲಿ ಮಾತ್ರ ಶಾಂತಿ ಇರಲಿಲ್ಲ. ಉಪ್ಪುನೀರಿನ ಕೆಸರು ಸರಪಳಿಯನ್ನು ತಿನ್ನುತ್ತದೆಂದು ಬಾಬು ದಿನಾ ಸಂಜೆ ಅದನ್ನು ಬಿಚ್ಚಿ ಸೀಮೆಎಣ್ಣೆಯಲ್ಲಿ ತೊಳೆಯುತ್ತಿದ್ದ. ಆ ವಾಸನೆ ಅಡುಗೆಮನೆಗೆ ಬರುತ್ತಿತ್ತು. ಎಂಜಿನ್ನಿನ ಪ್ಲಗ್ಗು ತೇವವಾದರೆ ಕಿಡಿ ಹಾರುವುದಿಲ್ಲವೆಂದು ಬೆಳಿಗ್ಗೆ ಅದನ್ನು ತಂದು ಒಲೆಯ ಕೆಂಡದ ಪಕ್ಕ ಇಡುತ್ತಿದ್ದ.

"ನನ್ನ ಒಲೆಯ ಹತ್ತಿರ ಇದೆಂತ ಕೊಳಕು?" ಗುಣವತಿಯ ಗದರಿಕೆ.

"ಒಣಗಿದ ಕೂಡ್ಲೆ ತೆಗೀತೇನಮ್ಮ."

"ಹಾಲು ಉಕ್ಕಿಸುವ ಹೊತ್ತಿಗೆ ಇದನ್ನು ಹುರೀಲಿಕ್ಕೆ ಇಟ್ಟಿದ್ದೀಯಲ್ಲ, ಬಡಿಸ್ಲಾ ನಿನಗೆ?"

ಬಾಬು ನಗುತ್ತಿದ್ದ. ಸುಬ್ರಾಯರು ನಗುತ್ತಿರಲಿಲ್ಲ. ಅವರ ಕಣ್ಣು ಆ ಟಯರುಗಳ ಮೇಲಿತ್ತು. ಪಾತ್ರೆ ಹೇರಿದ ಕೂಡಲೇ ಹಿಂದಿನ ಚಕ್ರ ಅಡಿಯಲ್ಲಿ ಚಪ್ಪಟೆಯಾಗಿ ಹರಡಿಕೊಳ್ಳುತ್ತಿತ್ತು. ಮರಳಿನಲ್ಲಿ ಗಟ್ಟಿ ಟಯರು ಚಾಕುವಿನ ಹಾಗೆ ಇಳಿದುಬಿಡುತ್ತದೆ, ಮೆತ್ತಗಿದ್ದರೆ ಒಂಟೆಯ ಪಾದದ ಹಾಗೆ ಹರಡಿ ಮೇಲೆ ನಿಲ್ಲುತ್ತದೆ. ಅದಕ್ಕೇ ಬಾಬು ಬೇಕೆಂದೇ ಗಾಳಿ ಇಳಿಸಿದ್ದ. ಒಂದು ಮಾತು ಕೇಳಿದ್ದರೆ ಹೇಳುತ್ತಿದ್ದ. ಆದರೆ ಕೇಳುವುದು ಹೇಗೆ? ಮಾತಿಲ್ಲವಲ್ಲ.

ಸುಬ್ರಾಯರ ಹೋಟೆಲಿನ ಮೊದಲ ಪಾಠವೇ ತುಂಬುವುದು. ಹೊರಗೆ ಹೋಗುವ ಪಾತ್ರೆ ಕಂಠದವರೆಗೆ ತುಂಬಿರಬೇಕು. ಅರ್ಧ ಪಾತ್ರೆ ಕುಲುಕಿ ಚೆಲ್ಲುತ್ತದೆ, ಗಿರಾಕಿಗೂ ಅವಮಾನ. ತುಂಬಿದ ಕೊಡ ತುಳುಕುವುದಿಲ್ಲ ಎಂದು ಕೆಲಸದವರಿಗೆ ಹೇಳಿ ಹೇಳಿ ಸುಬ್ರಾಯರಿಗೆ ಅದು ಮಂತ್ರವಾಗಿಬಿಟ್ಟಿತ್ತು. ಸೊರಗಿದ ಚಕ್ರದ ಮೇಲೆ ತಮ್ಮ ಹೋಟೆಲಿನ ಊಟ ಹೋಗುವುದು ಅವರಿಗೆ ಸಹಿಸಲಾಗಲಿಲ್ಲ. ಮಗ ಬೀಳುತ್ತಾನೆಂಬ ಹೆದರಿಕೆಯೂ ಇತ್ತು, ಅದನ್ನು ಅವರು ಯಾರಿಗೂ ಹೇಳಲಿಲ್ಲ.

ಒಂದು ಬೆಳಿಗ್ಗೆ ದೋಸೆಹಿಟ್ಟು ಕದಡುತ್ತಿದ್ದವರು ಹಾಗೇ ಎದ್ದು ಹಿತ್ತಲಿಗೆ ಬಂದರು. ಬಾಬು ಸ್ನಾನಕ್ಕೆ ಹೋಗಿದ್ದ. ಅವನ ಕೈಪಂಪು ಗಾಡಿಗೇ ಸಿಕ್ಕಿಸಿತ್ತು. ಪಂಚೆ ಎತ್ತಿ ಕಟ್ಟಿ, ಮೊದಲು ಹಿಂದಿನದಕ್ಕೆ, ಆಮೇಲೆ ಮುಂದಿನದಕ್ಕೆ, ಉಸಿರು ಕಟ್ಟುವ ತನಕ ಒತ್ತಿದರು. ಟಯರು ಹೆಬ್ಬೆರಳಿಗೆ ಜಗ್ಗದಂತಾಯಿತು. ಸಮಾಧಾನವಾಯಿತು. ಬಾವಿಕಟ್ಟೆಯಿಂದ ಗುಣವತಿ ನೋಡುತ್ತಿದ್ದದ್ದು ಅವರಿಗೆ ಗೊತ್ತಾಗಲಿಲ್ಲ. ಮಗನಿಗೆ ಗೊತ್ತಾಗದ ಹಾಗೆ ಉಪಕಾರ ಮಾಡುತ್ತಿದ್ದಾರೆ ಎಂದು ಅವಳಿಗೆ ಒಳಗೊಳಗೇ ಖುಷಿಯಾಯಿತು.

ಅಂದು ಸೌದೆ ಒದ್ದೆಯಾಗಿ ಅನ್ನ ತಡವಾಯಿತು. ಬಾಬು ಓಡಿಬಂದು ಪಾತ್ರೆ ಕಟ್ಟಿ, ಟಯರಿನ ಕಡೆ ನೋಡದೆ ಹೊರಟ. ತಾರು ರಸ್ತೆಯಲ್ಲಿ ಗಾಡಿ ಹಗುರಾಗಿ ಓಡಿದಾಗ ಒಳ್ಳೆಯದೇ ಆಯಿತೆಂದುಕೊಂಡ. ಮರಳಿಗೆ ಇಳಿಯುವಾಗ ವೇಗ ಕಡಿಮೆ ಮಾಡಬಾರದು, ಮಾಡಲಿಲ್ಲ. ಮುಂದಿನ ಚಕ್ರ ಮರಳನ್ನು ಸೀಳಿಕೊಂಡು ಇಳಿಯಿತು, ಹ್ಯಾಂಡಲು ತಿರುಗಿತು, ಗಾಡಿ ಎಡಕ್ಕೆ ಮಗುಚಿತು. ಸಾಂಬಾರಿನ ಮುಚ್ಚಳ ಹಾರಿ, ಕುದಿಯುವ ಸಾಂಬಾರು ಬಾಬುವಿನ ಎಡಗಾಲಿನ ಮೇಲೆ ಹರಿಯಿತು.

ಮೀನುಗಾರರು ಇಬ್ಬರು ಬಂದು ಎತ್ತಿದರು. ಅನ್ನದಲ್ಲಿ ಮರಳು. ಅಲ್ಲೇ ಕೂತು ಅವನು ಚಕ್ರ ಮುಟ್ಟಿ ನೋಡಿದ. ಗಾಳಿ ಬಿಡಲು ವಾಲ್ವಿನ ಮುಚ್ಚಳ ತಿರುಗಿಸಿದ. ದೂರದಲ್ಲಿ ಸೈರನ್ ಆಯಿತು.

ಮನೆಗೆ ಬಂದಾಗ ಮಧ್ಯಾಹ್ನ ಕಳೆದಿತ್ತು. ಗುಣವತಿ ಸುಣ್ಣದ ತಿಳಿನೀರಿಗೆ ತೆಂಗಿನೆಣ್ಣೆ ಹಾಕಿ ಕಡೆದು ಕಾಲಿಗೆ ಹಚ್ಚಿದಳು. ವಿಮಲಾ ಬಾಳೆಲೆ ಸುತ್ತಿದಳು. ಅಷ್ಟರಲ್ಲಿ ರಘುರಾಮನ ಆಳು ಬಂದು ಹೇಳಿಹೋದ: ನಾಳೆ ಸೈರನ್ನಿಗೆ ಮುಂಚೆ ಊಟ ಬಂದರೆ ಸರಿ, ಇಲ್ಲದಿದ್ದರೆ ನಾಡಿದ್ದಿನಿಂದ ಬೇರೆಯವರು.

"ಟಯರಿನಲ್ಲಿ ಗಾಳಿ ಜಾಸ್ತಿ ಆಗಿತ್ತಮ್ಮ," ಎಂದ ಬಾಬು, ಊಟದ ಎಲೆಯ ಮುಂದೆ ಕೂತು. ಯಾರ ಮುಖವನ್ನೂ ನೋಡಲಿಲ್ಲ.

ಸುಬ್ರಾಯರು ಬಾಗಿಲಲ್ಲಿ ನಿಂತಿದ್ದರು. ಮಗನ ಕಾಲು ನೋಡಲಾಗದೆ ಅವರು ಮುಖ ತಿರುಗಿಸಿದ್ದರು. ಬಾಯಿಂದ ಬಂದದ್ದು ಬೇರೆ. "ಗಾಳಿ ಕಮ್ಮಿಯಾಗಿ ಬೀಳುದು ಕೇಳಿದ್ದೇನೆ. ಜಾಸ್ತಿಯಾಗಿ ಬೀಳುದುಂಟಾ? ಕುಣೀಲಿಕ್ಕೆ ಬಾರದವ ನೆಲ ಡೊಂಕು ಅಂದನಂತೆ. ಆ ಕತ್ತೆಯನ್ನು ನಾಳೆಯೇ ಮಾರ್ಲಿಕ್ಕೆ ಹೇಳು ಅವನಿಗೆ."

ಬಾಬು ಎಲೆಯ ಮುಂದಿಂದ ಎದ್ದ. ಅನ್ನ ಹಾಗೇ ಉಳಿಯಿತು.

ಗುಣವತಿ ಎಲೆ ತೆಗೆದು, ಕೈ ತೊಳೆದು, ನೇರ ಗಲ್ಲಾದ ಹತ್ತಿರ ಬಂದಳು. ಹೋಟೆಲಿನಲ್ಲಿ ಪೇಪರು ಓದುವವನೊಬ್ಬನೇ ಇದ್ದ.

"ಹೋಯ್, ನಾನು ಕಂಡಿದ್ದೇನೆ. ಬಾವಿಕಟ್ಟೆಯಿಂದ."

ಸುಬ್ರಾಯರು ಮೇಜಿನ ಮೇಲಿನ ಸೋಂಪಿನ ತಟ್ಟೆಯನ್ನು ಆಚೆ ಈಚೆ ಸರಿಸಿದರು. "ಒಳ್ಳೇದಕ್ಕೇ ಹಾಕಿದ್ದು."

"ಒಳ್ಳೇದಕ್ಕೇ. ನಾನೂ ಹಾಗೇ ಅಂದ್ಕೊಂಡು ಸುಮ್ಮನಿದ್ದೆ, ನನ್ನ ಬುದ್ಧಿಗೆ ಬೆಂಕಿ ಹಾಕ. ಈಗ ಅದನ್ನು ಅವನಿಗೆ ಹೇಳಿ."

"ಮಗನ ಎದುರು ಕೈಕಟ್ಟಿ ನಿಲ್ಲುದಾ ನಾನು?"

"ಕಾಲು ಸುಟ್ಕೊಂಡವನ ಎದುರು ಎಂತದು ನಿಮ್ಮ ದೊಡ್ಡಸ್ತಿಕೆ?" ಗುಣವತಿಯ ಧ್ವನಿ ಏರಿತು. ಪೇಪರು ಓದುವವನು ಪುಟ ತಿರುಗಿಸುವುದನ್ನು ನಿಲ್ಲಿಸಿದ. "ಇಷ್ಟು ದಿನ ನಿಮ್ಮಿಬ್ಬರ ಮಾತು ಹೊತ್ತು ಹೊತ್ತು ನನಗೆ ಬೆನ್ನು ನೋವು ಬಂತು. ಇದೊಂದನ್ನು ನಾನು ಹೊರುದಿಲ್ಲ. ಇದನ್ನು ನೀವೇ ಹೇಳ್ಬೇಕು."

ಸುಬ್ರಾಯರು ಗಲ್ಲಾದ ಚಿಲ್ಲರೆ ಎಣಿಸತೊಡಗಿದರು.

ಮರುದಿನ ಮಳೆ ಬಿಟ್ಟಿತ್ತು, ರಸ್ತೆ ಬಿಟ್ಟಿರಲಿಲ್ಲ. ವ್ಯಾನಿನವನು ಬರುವುದಿಲ್ಲವೆಂದ. ಬಾಬು ಕಾಲಿಗೆ ಬಟ್ಟೆ ಸುತ್ತಿಕೊಂಡು ಕುಂಟುತ್ತಾ ಬಂದು ಪಾತ್ರೆ ಕಟ್ಟತೊಡಗಿದ.

"ಕಾಲು ಊರ್ಲಿಕ್ಕೆ ಆಗುದಿಲ್ಲ, ಗಾಡಿ ವಾಲಿದ್ರೆ ಎಂತ ಮಾಡ್ತಿ?" ಎಂದಳು ಗುಣವತಿ. "ಹಿಂದೆ ಯಾರಾದ್ರೂ ಕೂತ್ಕೊಳ್ಬೇಕು."

"ನಾನ್ ಪೋರೇನ್," ತಾನು ಹೋಗುತ್ತೇನೆಂದು ತಮಿಳಿನಲ್ಲೇ ಹೇಳಿ ವಿಮಲಾ ಲಂಗ ಎತ್ತಿ ಸಿಕ್ಕಿಸಿದಳು.

"ಹೆಣ್ಣುಹುಡುಗಿ ಅದರ ಮೇಲೆ ಕೂತು ಬೀದಿಯಲ್ಲಿ ಹೋಗುದಾ?" ಎಂದರು ಸುಬ್ರಾಯರು.

"ಹಾಗಾದ್ರೆ ನೀವು ಹೋಗಿ," ಎಂದಳು ಗುಣವತಿ.

ಹೇಳಿದ ಮಾತಿಗೆ ತಾವೇ ಸಿಕ್ಕಿಬಿದ್ದ ಸುಬ್ರಾಯರು ಒಮ್ಮೆ ಹೆಂಡತಿಯನ್ನು, ಒಮ್ಮೆ ಕತ್ತೆಯನ್ನು ನೋಡಿದರು. ಆಮೇಲೆ ಪಂಚೆಯನ್ನು ಕಚ್ಚೆ ಹಾಕಿ ಕಟ್ಟಿ, ಮೊಸರಿನ ಪಾತ್ರೆಯನ್ನು ತೊಡೆಯ ಮೇಲಿಟ್ಟುಕೊಂಡು ಹಿಂದೆ ಹತ್ತಿ ಕೂತರು. ಬೀದಿಗೆ ಬೀದಿಯೇ ಹೊರಗೆ ಬಂತು. ಅವರು ಯಾರನ್ನೂ ನೋಡಲಿಲ್ಲ.

ತಾರು ಮುಗಿದು ಕಾಲುವೆಯ ದಂಡೆ ಬಂದಾಗ ಬಾಬು ಗಾಡಿ ನಿಲ್ಲಿಸಿದ.

"ಇಳೀರಿ," ಎಂದ.

ಆಯುಧಪೂಜೆಯ ನಂತರ ಅಪ್ಪನಿಗೆ ನೇರ ಹೇಳಿದ ಮೊದಲ ಮಾತು. ಸುಬ್ರಾಯರು ಇಳಿದರು.

"ಇಬ್ಬರ ಭಾರಕ್ಕೆ ತಾರಿನ ಮೇಲೆ ಗಾಳಿ ಬೇಕು ಅಂತ ಹೊರಡುವಾಗ ವಿಮಲಾನ ಹತ್ತಿರ ಹಾಕಿಸಿದೆ. ಮರಳಿಗೆ ಇಳಿಸ್ಬೇಕು. ನನಗೆ ಬಗ್ಲಿಕ್ಕೆ ಆಗುದಿಲ್ಲ."

ಸುಬ್ರಾಯರು ಮೊಸರಿನ ಪಾತ್ರೆ ಕೆಳಗಿಟ್ಟು ಚಕ್ರದ ಪಕ್ಕ ಕುಕ್ಕರುಗಾಲಲ್ಲಿ ಕೂತರು. ಮುಚ್ಚಳ ತಿರುಗಿಸಿ ಉಗುರಿನಿಂದ ಒತ್ತಿದರು. ಗಾಳಿ ಸುಯ್ಯೆಂದು ಬಂತು. ಜೀವಮಾನವೆಲ್ಲ ತುಂಬಿದ ಕೈ, ಖಾಲಿ ಮಾಡುವಾಗ ಅಳುಕಿತು.

"ಸಾಕಾ?"

"ಇನ್ನೂ."

"ಈಗ?"

"ಇನ್ನೂ ಸ್ವಲ್ಪ. ಇಡ್ಲಿ ಬೆಂದದ್ದು ಬೆರಳಲ್ಲಿ ಒತ್ತಿ ನೋಡ್ತೀರಲ್ಲ? ಹಾಗೆ ನೋಡಿ."

ಅವರು ಹೆಬ್ಬೆರಳಿನಿಂದ ಒತ್ತಿ ನೋಡಿದರು. ಇನ್ನಷ್ಟು ಬಿಟ್ಟರು. ಮತ್ತೆ ಒತ್ತಿದರು. ಮುಚ್ಚಳ ಹಾಕಿ ಮುಂದಿನ ಚಕ್ರಕ್ಕೆ ಬಂದರು. ಅದೂ ಮುಗಿಯಿತು. ಸುಬ್ರಾಯರು ಏಳಲಿಲ್ಲ. ಕೂತಲ್ಲಿಂದಲೇ, ಚಕ್ರಕ್ಕೆ ಹೇಳುವ ಹಾಗೆ ಹೇಳಿದರು.

"ನಿನ್ನೆ ಗಾಳಿ ಹಾಕಿದ್ದು ನಾನು."

"ಗೊತ್ತುಂಟು."

ಅವರು ತಲೆ ಎತ್ತಿದರು. "ಅಮ್ಮ ಹೇಳಿದಳಾ?"

"ಇಲ್ಲ. ವಾಲ್ವಿನ ಮುಚ್ಚಳಕ್ಕೆ ದೋಸೆಹಿಟ್ಟು ಮೆತ್ತಿತ್ತು."

"ಮತ್ತೆ ನಿನ್ನೆ ಎಲ್ಲರೆದುರು ಯಾಕೆ ಹೇಳ್ಲಿಲ್ಲ?"

ಬಾಬು ಹ್ಯಾಂಡಲಿನ ಮೇಲಿನ ಕೆಸರನ್ನು ಬೆರಳಿನಿಂದ ಕೆರೆದ. "ನೀವು ಹೇಳ್ತೀರಿ ಅಂತ ಕಾದೆ."

ಸುಬ್ರಾಯರ ಕಣ್ಣು ತುಂಬಿತು. ಒರೆಸಿಕೊಳ್ಳಲು ಕೈಯೆತ್ತಿದರೆ ಕೈತುಂಬ ಗ್ರೀಸು.

"ಹತ್ತಿ ಅಪ್ಪಯ್ಯ. ಸೈರನ್ ಆಗ್ತದೆ."

ಮರಳಿನಲ್ಲಿ ಗಾಡಿ ಎಮ್ಮೆಯ ಹಾಗೆ ಅತ್ತಿತ್ತ ತೊನೆಯುತ್ತಾ ಹೋಯಿತು, ಆದರೆ ಹೂತುಕೊಳ್ಳಲಿಲ್ಲ. ಸುಬ್ರಾಯರು ಒಂದು ಕೈಯಲ್ಲಿ ಮೊಸರನ್ನೂ ಒಂದು ಕೈಯಲ್ಲಿ ಮಗನ ಸೊಂಟವನ್ನೂ ಹಿಡಿದುಕೊಂಡು ಗೊತ್ತಿದ್ದ ದೇವರನ್ನೆಲ್ಲ ಕರೆದರು. ಮರಳು ಮುಗಿದು ಕೆಸರು ಬಂತು. ಕೆಸರಿನಡಿ ಕಾಣದ ಕಲ್ಲೊಂದಕ್ಕೆ ಗಾಡಿಯ ಹೊಟ್ಟೆ ಬಡಿಯಿತು. ಠಣ್!

ಸುಬ್ರಾಯರು ಬೆಚ್ಚಿದರು. ಆ ಸದ್ದನ್ನು ಅವರು ಎಲ್ಲಿದ್ದರೂ ಗುರುತಿಸುತ್ತಿದ್ದರು. ಬೆಳಗಿನ ಮೊದಲ ದೋಸೆಗೆ ಮುಂಚೆ ಸಟ್ಟುಗದಿಂದ ಒಮ್ಮೆ ಕುಟ್ಟುವಾಗ ಕೇಳುತ್ತಿದ್ದ ಸದ್ದು. ಎಷ್ಟೋ ವರ್ಷದಿಂದ ಕೇಳಿರಲಿಲ್ಲ.

"ಎಂತದು ಅದು?" ಗೊತ್ತಿದ್ದೂ ಕೇಳಿದರು.

"ನಿಮ್ಮ ಕಲ್ಲು," ಎಂದು ಬಾಬು ಎಂಜಿನ್ನಿನ ಸದ್ದಿನ ಮೇಲೆ ಕೂಗಿದ. "ಅದಿಲ್ಲದಿದ್ರೆ ಈಗ ಎಂಜಿನ್ ಒಡೀತಿತ್ತು!"

ಮೆಸ್ಸಿನ ಬಾಗಿಲಲ್ಲಿ ಅನ್ನದ ಪಾತ್ರೆ ಇಳಿಸಿ, ಸಾಂಬಾರಿನ ಪಾತ್ರೆಗೆ ಕೈ ಹಾಕಿದಾಗ ಸೈರನ್ ಆಯಿತು. ರಘುರಾಮ ಮುಚ್ಚಳ ತೆಗೆದ. ಹಬೆ ಅವನ ಕನ್ನಡಕಕ್ಕೆ ಹೊಡೆಯಿತು. ಕೆಸರಿನಲ್ಲಿ ಮುಳುಗಿದ ಹೋಟೆಲಿನ ಯಜಮಾನರನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ನಾಳೆಯೂ ಹೀಗೇ ಬರುತ್ತಾ ಅಯ್ಯರೇ?" ಎಂದ.

ಸುಬ್ರಾಯರು ಮಗನ ಕಡೆ ತಿರುಗಿದರು. "ಬರ್ತದಾ?"

"ಬರ್ತದೆ," ಎಂದ ಬಾಬು.

"ಬರ್ತದಂತೆ," ಎಂದರು ಸುಬ್ರಾಯರು, ಅಭ್ಯಾಸಬಲದಿಂದ.

ಮನೆಗೆ ಬಂದು ಅವರು ಸ್ನಾನಕ್ಕೂ ಹೋಗಲಿಲ್ಲ, ಊಟಕ್ಕೂ ಕೂರಲಿಲ್ಲ. "ಕುಂಕುಮದ ಬಟ್ಟಲು ಕೊಡು," ಎಂದರು ಗುಣವತಿಗೆ.

"ಈ ಅವತಾರದಲ್ಲಾ? ಮೈಯೆಲ್ಲ ಕೆಸರು..."

"ಕೊಡು."

ಹಿತ್ತಲಿನಲ್ಲಿ, ಒದ್ದೆ ನೆಲದ ಮೇಲೆ, ಸುಬ್ರಾಯರು ಬೆನ್ನು ಊರಿ ಮಲಗಿ ಗಾಡಿಯ ಅಡಿಗೆ ಸರಿದರು. ಹೊರಗೆ ಎರಡು ಕಾಲು ಮಾತ್ರ ಕಾಣುತ್ತಿತ್ತು. ಅಂಗವಸ್ತ್ರದಿಂದ ಕೆಸರು ಒರೆಸುವ ಸದ್ದು ಕೇಳಿತು. ವಿಮಲಾ ಅಮ್ಮನ ತೋಳು ಹಿಡಿದುಕೊಂಡಳು.

"ಬಾಬೂ," ಅಡಿಯಿಂದ ಕರೆ ಬಂತು.

"ಎಂತ ಅಪ್ಪಯ್ಯ?"

"ಇಲ್ಲಿ ಒಂದು ಬೋಲ್ಟು ಸಡಿಲ ಉಂಟು. ಸ್ಪ್ಯಾನರ್ ಕೊಡು. ಕಲ್ಲು ಅಲ್ಲಾಡಬಾರದು ಮಾರಾಯ."

ಬಾಬು ಕುಂಟುತ್ತಾ ಹೋಗಿ ಸ್ಪ್ಯಾನರ್ ತಂದು, ಕೆಳಗಿನಿಂದ ಚಾಚಿದ್ದ ಆ ಕುಂಕುಮದ ಕೈಗೆ ಕೊಟ್ಟ.